ಮೆಟ್ಟಿಲ ಕೆಳಗಿನ ಮನೆಸೇವಕ

ಎರಾಸ್ಮೊ ತೆಹಾದಾನ ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಅವನು ದೋನ್ಯಾ, ಅಂದರೆ ಅಮ್ಮನವರೇ, ಎಂದು ಕರೆಯುತ್ತಿದ್ದ ಅತ್ತೆ ತೊಮಾಸಾ ಒಂದು ಸಲವೂ ಅವನ ಹೆಸರು ಹಿಡಿದು ಕರೆದವಳಲ್ಲ. ಎದುರಿಗಿದ್ದರೆ ‘ಇವನು’, ಒಳಗಿದ್ದರೆ ‘ಅವನು’, ಸಿಟ್ಟು ಬಂದರೆ ‘ಆ ಮೊಳೆಯಂಗಡಿಯವನು’. ಮೋಕಾ ಊರಿನ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಮೊಳೆ, ತಿರುಪು ತೂಗಿ ಕೊಡುವುದೇ ಅವನ ಕಸುಬಾದ್ದರಿಂದ ಮಾತೇನೋ ಸುಳ್ಳಲ್ಲ. ಆದರೂ ಐವತ್ನಾಲ್ಕು ತುಂಬಿದ ಗಂಡಸು, ಅದೂ ಅತ್ತೆಯ ಮನೆಯಲ್ಲೇ ಇರುವವನು, ತನಗೂ ಒಂದು ಹೆಸರಿದೆ ಅಂತ ಆಗಾಗ ನೆನೆಸಿಕೊಳ್ಳುತ್ತಿದ್ದ.

ಆ ಭಾನುವಾರ ಮಧ್ಯಾಹ್ನ, ಅನ್ನ, ಹುರುಳಿಕಾಳು, ಕೋಳಿಸಾರಿನ ಎದುರು ಅವನು ಚಮಚದಿಂದ ಲೋಟ ತಟ್ಟಿ ಎದ್ದು ನಿಂತ.

“ಬರೋ ಭಾನುವಾರ ದೋನ್ಯಾ ತೊಮಾಸಾಗೆ ಎಂಬತ್ತು. ಅವತ್ತು ನಮ್ಮ ಮದುವೆ ವಿಡಿಯೊ ಇದೆಯಲ್ಲ, ಅದನ್ನ ಈ ಮನೇಲಿ ಗಾಜಿರೋ ಎಲ್ಲಾದ್ರಲ್ಲೂ ಒಟ್ಟಿಗೆ ತೋರಿಸ್ತೀನಿ. ಪಡಸಾಲೆ ಟೀವಿ, ದೋನ್ಯಾ ಟ್ಯಾಬ್ಲೆಟ್ಟು, ಎಲ್ಲರ ಫೋನು. ಅದಕ್ಕೆ ಅಂತ್ಲೇ ಮನೆಗೆ ಒಬ್ಬ ಸೇವಕನ್ನ ತರ್ತಿದೀನಿ.”

ಬೇರೆ ಕಡೆಯವರು ಸರ್ವರ್ ಅನ್ನುವ ಯಂತ್ರಕ್ಕೆ ನಮ್ಮ ಕಡೆ ಸೇವಕ ಅಂತಲೇ ಹೆಸರು. ಮನೆಯೊಳಗೆ ಇಟ್ಟರೆ ಮನೆಸೇವಕ. ಮನೆಗೆಲಸದ ಆಳಿಗೂ ಹಳಬರು ಅದೇ ಮಾತನ್ನು ಬಳಸುತ್ತಾರೆ. ಎರಡಕ್ಕೂ ಒಂದೇ ಹೆಸರಿಟ್ಟ ಪುಣ್ಯಾತ್ಮರು ಯಾರೋ, ಅವರಿಗೆ ಅತ್ತೆ ಇರಲಿಲ್ಲ ಅಂತ ಕಾಣುತ್ತದೆ.

ಇದರ ಮೇಲೆ ಎರಾಸ್ಮೊನಿಗೆ ಅಂಗಡಿಯಿಂದ ಬಂದ ಒಂದು ಅಭ್ಯಾಸ. ತಿರುಪಿರುವ ಯಾವ ವಸ್ತುವನ್ನೂ ಅವನು ‘ಅದು’ ಅನ್ನುತ್ತಿರಲಿಲ್ಲ. “ಇವನು ಮರಕ್ಕೆ ಹೋಗ್ತಾನೆ, ಅವನು ಗೋಡೆಗೆ ಹೋಗ್ತಾನೆ” ಅಂತಲೇ ಮೊಳೆ ಮಾರುತ್ತಿದ್ದ.

“ಸೇವಕನಾ?” ಎಂದಳು ತೊಮಾಸಾ, ಕೋಳಿಯ ಕಾಲನ್ನು ಕೆಳಗಿಟ್ಟು. “ಇರೋದೆಲ್ಲಿ?”

“ಮೆಟ್ಟಿಲ ಕೆಳಗಿನ ಗೂಡಲ್ಲಿ, ದೋನ್ಯಾ. ನೀವು ಹಾಸಿಗೆ ಬಿಟ್ಟು ಏಳೋದೇ ಬೇಡ. ಬೆರಳಲ್ಲಿ ಮುಟ್ಟಿದ್ರೆ ಸಾಕು, ಕೇಳಿದ್ದು ತಂದ್ಕೊಡ್ತಾನೆ.”

ತೊಮಾಸಾ ಮಗಳ ಕಡೆ ತಿರುಗಿದಳು. “ದನಿಲ್ದಾ, ಕೂತು ತಿನ್ನೋನು ಈ ಮನೇಲಿ ಆಗ್ಲೇ ಒಬ್ಬ ಇದಾನೆ. ಅವನಿಗೆ ಇನ್ನೊಬ್ಬ ಜೊತೆ ಬೇಕಂತಾ?”

ದನಿಲ್ದಾ ಲೆಕ್ಕಾಚಾರದ ಹೆಂಗಸು. “ಎರಾಸ್ಮೊ, ಒಂದು ಪೆನ್‌ಡ್ರೈವಿಗೆ ಹಾಕಿ ಟೀವಿಗೆ ಚುಚ್ಚಿದ್ರೆ ಆಯ್ತಲ್ಲ?” ಎಂದಳು.

ಎರಾಸ್ಮೊ ಅವಳನ್ನು ನೋಡಿ ಮರುಕದಿಂದ ನಕ್ಕ. ಆದರೆ ಈ ಒಂದು ವಿಷಯದಲ್ಲಿ ಅವನು ಮೂರ್ಖನಾಗಿರಲಿಲ್ಲ ಅಂತ ಹೇಳಲೇಬೇಕು. ತೊಮಾಸಾಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳಲು ಅವಳು ಒಪ್ಪುತ್ತಿರಲಿಲ್ಲ. ಟೀವಿ ಅವಳ ಪಾಲಿಗೆ ಮಾತಾಡುವ ಮೋಡ. ಟ್ಯಾಬ್ಲೆಟ್ಟನ್ನು ಮೂಗಿನಿಂದ ನಾಲ್ಕು ಬೆರಳು ದೂರ ಹಿಡಿದರೆ ಮಾತ್ರ ಮುಖ ಕಾಣುತ್ತಿತ್ತು. ಅವಳಿಗೆ ಕಾಣಬೇಕಾದ ಮುಖ ಒಂದೇ: ಗಂಡ ದೊನ್ ಫಾಬಿಯೊನದು. ಮಗಳ ಮದುವೆಯಲ್ಲಿ ಬಿಳಿ ಸೂಟು ತೊಟ್ಟು ಹೆಂಡತಿಯೊಡನೆ ಮೆರೆಂಗೆ ಕುಣಿದವನು, ಮರುವರ್ಷವೇ ಹೋಗಿಬಿಟ್ಟ. ಅವನು ಓಡಾಡುವುದನ್ನು ಹಿಡಿದಿಟ್ಟಿದ್ದು ಆ ಒಂದೇ ಕ್ಯಾಸೆಟ್ಟು.

ಆ ಕ್ಯಾಸೆಟ್ಟು ಈಗ ಇರಲಿಲ್ಲ. ಎರಾಸ್ಮೊ ಎದ್ದು ನಿಂತು ಘೋಷಿಸಿದ್ದು ಅದಕ್ಕೇ.

ಹಿಂದಿನ ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಅಟ್ಟದ ಮೇಲಿದ್ದ ಹಳೆಯ ಪ್ಲೇಯರನ್ನು ಇಳಿಸಿ, ಒಂದು ವಕೀಲರ ಕಚೇರಿಯವರು ಬೇಡವೆಂದು ಮಾರಿದ ಕಂಪ್ಯೂಟರಿಗೆ ಜೋಡಿಸಿ, ಕ್ಯಾಸೆಟ್ಟನ್ನು ಪೂರ್ತಿ ಓಡಿಸಿ ಒಳಕ್ಕೆ ಇಳಿಸಿಕೊಂಡಿದ್ದ. ಕೊನೆಯ ಚಪ್ಪಾಳೆ ಮುಗಿಯುವವರೆಗೆ ಸುಮ್ಮನಿದ್ದ ಪ್ಲೇಯರು, ಆಮೇಲೆ ಗರಗರ ಎಂದು ಇಡೀ ಟೇಪನ್ನು ಅಗಿದು, ಹರಿದು, ಶ್ಯಾವಿಗೆ ಮಾಡಿ ಹೊರಗೆ ಉಗುಳಿತು. ಎರಾಸ್ಮೊ ಆ ಕಂದು ಶ್ಯಾವಿಗೆಯನ್ನು ಎರಡು ಕೈಯಲ್ಲಿ ಬಾಚಿ, ಬೀದಿಯ ಕಸದ ಡಬ್ಬಿಗೆ ಹಾಕಿ, ಶಿಲುಬೆ ಗುರುತು ಮಾಡಿಕೊಂಡು ಬಂದ. ಈಗ ಫಾಬಿಯೊ ಉಳಿದಿದ್ದು ಆ ಹಳೆಯ ಪೆಟ್ಟಿಗೆಯೊಳಗೆ ಮಾತ್ರ. ಭಾನುವಾರ ಅವನು ಕುಣಿಯಬೇಕು. ಕುಣಿಯದಿದ್ದರೆ ಎರಾಸ್ಮೊ ಮನೆ ಬಿಡಬೇಕು.

ಹಾಗಿದ್ದ ಮೇಲೆ, ಪೆಟ್ಟಿಗೆಯಿಂದ ಎಲ್ಲ ಪರದೆಗೂ ವಿಡಿಯೊ ಕಳಿಸುವ ಒಂದು ಸಾಫ್ಟ್‌ವೇರನ್ನು ಹಾಕಿ ತೆಪ್ಪಗಿರಬಹುದಿತ್ತು. ಆದರೆ ನಿಂತಲ್ಲಿ ನಿಲ್ಲುವ, ಕೂತಲ್ಲಿ ಕೂರುವ ಜಾಯಮಾನ ಅವನದಲ್ಲ. ಮಾರುಕಟ್ಟೆಯಲ್ಲಿ ಅಂಥವು ಮೂರಿದ್ದವು: ಪೆಲಿಕಾನೊ, ಬಾರೊನ್ ಅಂದರೆ ಸರದಾರ, ಇನ್ನೊಂದು ಕತ್ತೆ. ಹೌದು, ಮೂರನೆಯದರ ಹೆಸರೇ ಕತ್ತೆ. ಸೋಮವಾರ ಪೆಲಿಕಾನೊ ಬಂದ, ಮಂಗಳವಾರ ಹೋದ. ಅವತ್ತೇ ಬಾರೊನ್ ಬಂದ. ಪ್ರತಿ ಸಲ ಒಬ್ಬನನ್ನು ತೆಗೆಯುವಾಗಲೂ ಪರದೆಯ ಮೇಲೆ ಒಂದು ಪ್ರಶ್ನೆ ಏಳುತ್ತಿತ್ತು: ಇವನ ಜೊತೆಗೆ ಇವನು ನೋಡಿಕೊಳ್ಳುತ್ತಿದ್ದ ಸಾಮಾನನ್ನೂ ಹೊರಗೆ ಹಾಕಲೇ? ಎರಾಸ್ಮೊ ‘ಬೇಡ’ದ ಮೇಲೆ ಬೆರಳಿಟ್ಟು, ತೆಗೆದು, ಕನ್ನಡಕ ಒರೆಸಿ, ಮತ್ತೆ ಓದಿ, ಹೊರಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದು, ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದ. ಫಾಬಿಯೊ ಎರಡು ಸಲ ಹಾಗೆ ಸಾವಿನ ಬಾಯಿಂದ ಪಾರಾದ.

ಬುಧವಾರ ಬೀದಿಮೂಲೆಯ ದಿನಸಿ ಅಂಗಡಿಯಲ್ಲಿ ಈ ಸಂಕಟ ಹೊರಗೆ ಬಿತ್ತು. ಅಂಗಡಿಯ ಪೆರ್ಸಿಯೊ ಸಲಾಮಿ ಮಾಂಸ ಕೊಯ್ಯುತ್ತಿದ್ದ. ಪಕ್ಕದ ಮನೆಯ ಮೆಲಿದಾ ಕಾಫಿಪುಡಿಗೆ ಕಾಯುತ್ತಿದ್ದಳು. ಈ ಮೆಲಿದಾಳ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಇಡೀ ಬೀದಿಯದಾಗುತ್ತಿತ್ತು. ಅವಳಿಗೆ ಊರಿನ ಸುದ್ದಿಯಷ್ಟೇ ಮುಖ್ಯವಾದದ್ದು ಇನ್ನೊಂದೇ, ಹಿತ್ತಿಲ ತೊಗರಿ ಗಿಡ. ಹಕ್ಕಿ ಕಾಟದಿಂದ ಅವಳು ಕಂಗಾಲಾಗಿದ್ದಳು.

“ಏನಪ್ಪಾ, ಮುಖ ಇಷ್ಟುದ್ದ ಮಾಡ್ಕೊಂಡಿದೀಯ?” ಎಂದ ಪೆರ್ಸಿಯೊ.

“ಮನೆಸೇವಕರ ಕಾಟ ಪೆರ್ಸಿಯೊ. ಮೊದಲನೆಯವನ್ನ ನಿನ್ನೆ ಬೆಳಿಗ್ಗೆ ಓಡಿಸ್ದೆ. ಏನು ಹೇಳಿದ್ರೂ ವಿದೇಶದಲ್ಲಿರೋ ಅವರ ಮನೆಗೆ ಫೋನ್ ಮಾಡಿ ಅಪ್ಪಣೆ ಕೇಳ್ತಿದ್ದ. ಇಂಟರ್ನೆಟ್ ಹೋದ್ರೆ ನಮ್ಮನೆ ಬಾಗಿಲನ್ನ ನಮಗೇ ತೆಗೀತಿರ್ಲಿಲ್ಲ.”

“ದೇವರೇ!” ಎಂದಳು ಮೆಲಿದಾ.

“ಎರಡನೆಯವನು ಬಾರೊನ್. ಹೆಸರಿಗೆ ತಕ್ಕ ಠೀವಿ. ಬಾಗಿಲು ಬಾಗಿಲಿಗೂ ಕೈ ಚಾಚ್ತಾನೆ. ಟೀವಿ ಹತ್ರ ಹೋಗೋಕೆ ಬೇರೆ ಕೊಡಬೇಕಂತೆ, ಫೋನ್ ಹತ್ರ ಹೋಗೋಕೆ ಬೇರೆ ಕೊಡಬೇಕಂತೆ. ಅವನನ್ನೂ ಇವತ್ತು ಕಿತ್ತು ಹಾಕ್ದೆ.”

“ಈಗ ಯಾರಿದಾರೆ?”

“ಕತ್ತೆ.”

“ಹಾಗನ್ಬಾರ್ದು ಎರಾಸ್ಮೊ. ಅವನೂ ಮನುಷ್ಯನೇ ಅಲ್ವಾ,” ಎಂದಳು ಮೆಲಿದಾ.

ಎರಾಸ್ಮೊನಿಗೆ ಆ ಮಾತು ಕೇಳಿಸಲಿಲ್ಲ. ಅವನ ತಲೆಯಲ್ಲಿ ಆಗಲೇ, ಬಾರೊನ್‌ನನ್ನು ವಾಪಸು ಕರೆಸಿದರೆ ಹೇಗೆ ಅನ್ನುವ ಯೋಚನೆ ಓಡುತ್ತಿತ್ತು. “ಕತ್ತೆ ಒಳ್ಳೆಯವನು. ಪುಕ್ಕಟೆ ದುಡೀತಾನೆ,” ಎಂದ. “ಆದ್ರೆ ಎಲ್ಲಾ ನಾವೇ ಹೇಳ್ಕೊಡಬೇಕು. ಒಂದೊಂದ್ಸಲ ಹಟ ಹಿಡಿದು ನಿಂತುಬಿಡ್ತಾನೆ. ಆಗ ಸ್ವಿಚ್ ಆರಿಸಿ, ಎರಡು ಬಾರಿಸಿ, ಮತ್ತೆ ಎಬ್ಬಿಸ್ತೀನಿ.”

ಸಲಾಮಿ ಕೊಯ್ಯುತ್ತಿದ್ದ ಕತ್ತಿ ನಿಂತಿತು. ಮೆಲಿದಾ ಕಾಫಿಪುಡಿಯನ್ನು ಅಲ್ಲೇ ಮರೆತು ಹೊರಟಳು.

ಅವಳು ನೇರವಾಗಿ ಹೋಗಿದ್ದು ತೊಮಾಸಾ ಹತ್ತಿರ. ಹಿತ್ತಿಲ ಗೋಡೆಯ ಆಚೆ ಈಚೆ ನಿಂತು ಇಬ್ಬರೂ ಅರ್ಧ ಗಂಟೆ ಪಿಸುಗುಟ್ಟಿದರು. ಮೆಟ್ಟಿಲ ಕೆಳಗೆ ಒಬ್ಬ ಮನುಷ್ಯನಿದ್ದಾನೆ, ಸಂಬಳವಿಲ್ಲ, ಕತ್ತಲಲ್ಲಿ ಕೂಡಿಹಾಕಿದ್ದಾರೆ, ಹೊಡೆಯುತ್ತಾರೆ. ಅಳಿಯ ಕೈಲಾಗದವನು ಅಂತ ತೊಮಾಸಾಗೆ ಗೊತ್ತಿತ್ತು. ಕಟುಕ ಅಂತ ಗೊತ್ತಿರಲಿಲ್ಲ.

ಅಂದಿನಿಂದ ಎರಾಸ್ಮೊ ಕೆಲಸಕ್ಕೆ ಹೋದ ಮೇಲೆ ಅವಳು ಕದ್ದು ಒಂದು ತಟ್ಟೆ ಹಿಡಿದು ಗೂಡಿನ ಹತ್ತಿರ ಹೋಗತೊಡಗಿದಳು. ಬಾಗಿಲನ್ನು ಸಂದು ಮಾಡಿ, “ಮಗಾ, ತಿನ್ನಪ್ಪಾ,” ಎಂದು, ಬೇಯಿಸಿ ಹಿಸುಕಿದ ಬಾಳೆಕಾಯಿಯ ಮೇಲೆ ಕರಿದ ಚೀಸ್ ಇಟ್ಟು ಒಳಕ್ಕೆ ತಳ್ಳುವಳು. ಅವಳ ಪೊರೆಗಣ್ಣಿಗೆ ಕತ್ತಲಲ್ಲಿ ಎರಡು ಹಸಿರು ಬೆಳಕು ಕಂಡವು, ಅರೆ ತೆರೆದ ಕಣ್ಣಿನ ಹಾಗೆ. ಒಂದೇ ಸಮನೆ ಉಸಿರಾಡುವ ಸದ್ದು. ಮಾತಿಲ್ಲ. ಸಂಜೆ ಬಂದು ನೋಡಿದರೆ ತಟ್ಟೆ ಖಾಲಿ.

“ಪಾಪ, ತಟ್ಟೆ ನೆಕ್ಕಿಬಿಟ್ಟಿದಾನೆ ಮೆಲಿದಾ!” ಎಂದು ಅವಳು ಗೋಡೆಯ ಹತ್ತಿರ ಕಣ್ಣೊರೆಸಿಕೊಂಡಳು. ಮನೆಯ ಬೆಕ್ಕು ಆ ವಾರ ಎರಡು ಪೌಂಡು ಹೆಚ್ಚಾದದ್ದನ್ನು ಯಾರೂ ಗಮನಿಸಲಿಲ್ಲ.

ಶುಕ್ರವಾರ ಮಧ್ಯಾಹ್ನ, ಊಟಕ್ಕೆ ಬಂದಿದ್ದ ಎರಾಸ್ಮೊ ಬಡಿದ ಸದ್ದಿಗೆ ಬೀದಿ ಬಾಗಿಲು ತೆಗೆದರೆ, ಹೊಸಿಲಾಚೆ ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡ ಒಬ್ಬ ಸಣಕಲು ಮನುಷ್ಯ. ಎದೆಯ ಮೇಲಿದ್ದ ಗುರುತಿನ ಚೀಟಿ ಹಿಂದುಮುಂದಾಗಿತ್ತು.

“ಎವಾರಿಸ್ತೊ ಲೂಗೊ. ಕಚೇರಿಯಿಂದ. ನಿಮ್ಮ ಮನೇಲಿ ಒಬ್ಬ ಮನೆಸೇವಕ ಇದಾನೆ ಅಂತ ದೂರು ಬಂದಿದೆ.”

ಆ ಕಚೇರಿ ಮನೆಗೆಲಸದವರ ಹಿತ ಕಾಯುವುದು. ಆದರೆ ಎರಾಸ್ಮೊ ಹೆದರಿದ್ದು ಬೇರೆಯೇ ಕಾರಣಕ್ಕೆ. ಪೆಟ್ಟಿಗೆಯೊಳಗೆ ಫಾಬಿಯೊನ ಪಕ್ಕದಲ್ಲೇ, ಅಂಗಡಿಯ ಗೆಳೆಯರು ಕೊಟ್ಟ ನಾನೂರು ಸಿನಿಮಾಗಳಿದ್ದವು. ಒಂದಕ್ಕೂ ಅವನು ಕಾಸು ಕೊಟ್ಟಿರಲಿಲ್ಲ. ಕಳ್ಳ ಸಿನಿಮಾ ಹಿಡಿಯುವವರು ಬಂದರು ಅಂತ ಅವನು ತೀರ್ಮಾನಿಸಿದ.

“ಇ... ಇದಾನೆ ಸಾರ್. ಮನೆಯವರಿಗೆ ಅಂತ ಮಾತ್ರ. ಹೊರಗಿನವರಿಗೆ ಕೊಡಲ್ಲ.”

“ಹೆಸರು?”

“ಕತ್ತೆ.”

ಎವಾರಿಸ್ತೊ ಪೆನ್ನೆತ್ತಿ ಅವನ ಮುಖ ನೋಡಿ, ಬರೆದುಕೊಂಡ. “ವಯಸ್ಸು?”

“ಎಂಟು ವರ್ಷ ಆಗಿರ್ಬೋದು.”

“ಎಂಟು!”

“ನೋಡೋಕೆ ಹಾಗೆ ಕಾಣಲ್ಲ ಸಾರ್. ಧೂಳು ಒರೆಸಿದ್ರೆ ಹೊಸಬನ ಹಾಗೇ ಇದಾನೆ.”

“ಎಲ್ಲಿಂದ ಕರ್ಕೊಂಡು ಬಂದ್ರಿ?”

“ವಕೀಲರ ಕಚೇರಿಯಿಂದ ಕೊಂಡ್ಕೊಂಡೆ. ಅವರಿಗೆ ಬೇಡವಾಗಿದ್ದ.”

“ಕೊಂಡ್ಕೊಂಡ್ರಿ!” ಎವಾರಿಸ್ತೊ ಗೋಡೆಗೆ ಒರಗಿದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನ ಫಾರಮ್ಮಿನಲ್ಲಿ ಈ ಮಾತಿಗೆ ಜಾಗವಿರಲಿಲ್ಲ. “ದಿನಕ್ಕೆ ಎಷ್ಟು ಗಂಟೆ ಕೆಲಸ?”

“ಇಪ್ಪತ್ನಾಲ್ಕು.”

“ವಿಶ್ರಾಂತಿ?”

“ಕರೆಂಟ್ ಹೋದಾಗ.”

“ಊಟ?”

ಎರಾಸ್ಮೊನಿಗೆ ಇದು ತಮಾಷೆಯ ಪ್ರಶ್ನೆ ಅನ್ನಿಸಿತು. ಅಧಿಕಾರಿಗಳ ತಮಾಷೆಗೆ ನಗುವುದು ಒಳ್ಳೆಯದೆಂದು ಜೋರಾಗಿ ನಕ್ಕ. “ಅವನಿಗೆಂಥ ಊಟ ಸಾರ್!”

ಅಷ್ಟರಲ್ಲಿ ಒಳಗಿನಿಂದ ತೊಮಾಸಾ ಕೂಗಿದಳು: “ನಾನು ಹಾಕ್ತಿದೀನಿ ಸ್ವಾಮೀ! ಈ ಮನೇಲಿ ಅವನ ಹೊಟ್ಟೆ ನೋಡೋಳು ನಾನೊಬ್ಳೇ!”

ಅತ್ತೆಗೆ ಅರಳುಮರಳು ಶುರುವಾಯಿತೆಂದು ಎರಾಸ್ಮೊ ಹಣೆಯ ಹತ್ತಿರ ಬೆರಳು ತಿರುಗಿಸಿ ತೋರಿಸಿದ. ಮುದುಕಿಯನ್ನು ಹುಚ್ಚಿ ಅನ್ನುವವನು ಎಂಥ ಪಾಪಿ ಅಂತ ಎವಾರಿಸ್ತೊ ಅದನ್ನೂ ಬರೆದುಕೊಂಡ.

“ಅವನನ್ನ ನೋಡಬೇಕು. ಗೂಡಿನ ಬಾಗಿಲು ತೆಗೀರಿ.”

“ಇವತ್ತಾಗಲ್ಲ!” ಎರಾಸ್ಮೊ ಹೊಸಿಲಿಗೆ ಅಡ್ಡ ನಿಂತ. “ನಿಮ್ಮ ದಮ್ಮಯ್ಯ ಸಾರ್, ಭಾನುವಾರದ ತನಕ ಬಿಡಿ. ಮನೇಲಿ ಹಬ್ಬ ಇದೆ. ಅವನಿಲ್ದೆ ಆಗಲ್ಲ. ಆಮೇಲೆ ನೀವೇ ತಗೊಂಡ್ಹೋಗಿ.”

“ಭಾನುವಾರ ನಾಲ್ಕು ಗಂಟೆಗೆ ಬರ್ತೀನಿ. ಅವನು ಮೈ ತೊಳ್ಕೊಂಡು, ಒಗೆದ ಅಂಗಿ ಹಾಕ್ಕೊಂಡು ಹೊರಗೆ ಬಂದಿರ್ಬೇಕು,” ಎಂದು ಎವಾರಿಸ್ತೊ ಫೈಲು ಮುಚ್ಚಿದ.

ಕಂಪ್ಯೂಟರಿಗೆ ಅಂಗಿ ಯಾಕೆಂದು ಎರಾಸ್ಮೊ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ನಾಲ್ಕಕ್ಕೆ ಪೆಟ್ಟಿಗೆ ಹೋಗುತ್ತದೆ. ಹಾಗಾದರೆ ಮೂರಕ್ಕೆ ಫಾಬಿಯೊ ಕುಣಿಯಲೇಬೇಕು. ಶನಿವಾರವಿಡೀ ಅವನು ಗೂಡಿಗೂ ಪಡಸಾಲೆಗೂ ನಡುವೆ ಓಡಾಡಿದ. ಬಾರೊನ್‌ನನ್ನು ಮತ್ತೆ ಹಾಕಿದ, ಹೆದರಿ ತೆಗೆದ. ಕತ್ತೆಯನ್ನೇ ಇಟ್ಟುಕೊಂಡ. ದನಿಲ್ದಾ ಬಾಯಿಬಿಟ್ಟು ಬೈಯುವುದನ್ನೂ ನಿಲ್ಲಿಸಿ, ಅವನು ದಾಟಿ ಹೋಗುವಾಗಲೆಲ್ಲ ಕುರ್ಚಿ ಪಕ್ಕಕ್ಕೆ ಎಳೆದುಕೊಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಇಗರ್ಜಿಗೆ ಹೊರಡುವ ಮುಂಚೆ ತೊಮಾಸಾ ಕೊನೆಯ ಸಲ ಗೂಡಿಗೆ ಕೈ ಹಾಕಿದಳು. ಎರಾಸ್ಮೊ ಎರಡು ದಿನದಿಂದ ಬಿಡದೆ ದುಡಿಸಿದ್ದ ಪೆಟ್ಟಿಗೆ ಬೆಚ್ಚಗಿತ್ತು. “ಅಯ್ಯೋ, ಜ್ವರ ಸುಡ್ತಿದೆ!” ಎಂದಳು. ತನ್ನ ಮಂಚದ ಮೇಲಿದ್ದ ದಪ್ಪ ಉಣ್ಣೆ ಕಂಬಳಿ ತಂದು, ಎಲ್ಲ ಕಡೆಯಿಂದ ಒತ್ತಿ ಹೊದಿಸಿ, ಬಾಗಿಲು ಮುಚ್ಚಿದಳು.

ಮೂರು ಗಂಟೆಗೆ ಪಡಸಾಲೆಯಲ್ಲಿ ನಲವತ್ತು ಜನ ನೆಂಟರು. ಮೇಜಿನ ಮೇಲೆ ಮೂರಂತಸ್ತಿನ ಕೇಕು. ತೊಮಾಸಾ ನಡುವಿನ ಕುರ್ಚಿಯಲ್ಲಿ ಟ್ಯಾಬ್ಲೆಟ್ಟನ್ನು ಮೂಗಿಗೆ ಹಿಡಿದು ಕೂತಿದ್ದಳು. ಎರಾಸ್ಮೊ ಕೆಮ್ಮಿ, ಭಾಷಣಕ್ಕೆಂದು ಬರೆದಿದ್ದ ಚೀಟಿಯನ್ನು ಹುಡುಕಿ, ಸಿಗದೆ, ಗುಂಡಿ ಒತ್ತಿದ.

ಎಲ್ಲ ಪರದೆಗಳ ಮೇಲೂ ಒಂದು ಚಕ್ರ ತಿರುಗಿತು. ತಿರುಗಿತು. ತಿರುಗುತ್ತಲೇ ಇತ್ತು. ಆಮೇಲೆ ಎಲ್ಲ ಕಪ್ಪಾಯಿತು.

“ಚೆನ್ನಾಗಿದೆ,” ಎಂದಳು ತೊಮಾಸಾ. “ಕತ್ತಲೇನ ನಾನು ದಿನಾ ನೋಡ್ತೀನಿ. ಇದಕ್ಕೆ ನಲವತ್ತು ಜನ ಬರ್ಬೇಕಿತ್ತಾ?”

ಎರಾಸ್ಮೊ ಓಡಿದ. ಗೂಡಿನ ಬಾಗಿಲು ತೆಗೆದರೆ ಒಳಗೆ ಕಂಬಳಿ ಹೊದ್ದು ಮಲಗಿದ ಒಂದು ಆಕಾರ. ಕಂಬಳಿಯನ್ನು ಕಿತ್ತೆಸೆದ. ಪೆಟ್ಟಿಗೆ ರೊಟ್ಟಿ ಹೆಂಚಾಗಿತ್ತು. ಕೇಕು ತಂದಿದ್ದ ರಟ್ಟನ್ನು ಎಳೆದುಕೊಂಡು ಗಾಳಿ ಬೀಸಿದ. ಬೀಸುತ್ತ ಸಂತ ಅಂತೋನಿಗೆ ಹರಕೆ ಹೊತ್ತ. ಹತ್ತು ನಿಮಿಷ ಕಳೆದ ಮೇಲೆ ಗುಂಡಿ ಒತ್ತಿದರೆ ಹಸಿರು ಕಣ್ಣು ತೆರೆಯಿತು. ಆದರೆ ಕಂಬಳಿ ಎಳೆದ ರಭಸಕ್ಕೆ ತಂತಿಯ ತುದಿಯ ಕೊಂಡಿ ಮುರಿದಿತ್ತು. ಬೆರಳಲ್ಲಿ ಒಳಕ್ಕೆ ಒತ್ತಿ ಹಿಡಿದರೆ ಬೆಳಕು, ಬಿಟ್ಟರೆ ಕತ್ತಲು. ಇನ್ನೊಂದು ಕೈಯ ರಟ್ಟು ನಿಲ್ಲಿಸಿದರೆ ಪೆಟ್ಟಿಗೆ ಮತ್ತೆ ಬಿಸಿಯೇರುತ್ತಿತ್ತು. ಎರಾಸ್ಮೊ ಬೆನ್ನು ಬಗ್ಗಿಸಿ ಗೂಡಿನೊಳಗೆ ತೂರಿ, ಒಂದು ಕೈಯಲ್ಲಿ ತಂತಿ ಒತ್ತಿ, ಇನ್ನೊಂದು ಕೈಯಲ್ಲಿ ಬೀಸುತ್ತ ಕೂಗಿದ:

“ದನಿಲ್ದಾ! ಈಗ ಒತ್ತು!”

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಅಕಾರ್ಡಿಯನ್ನು, ಡೋಲು, ಜನರ ಕೇಕೆ. ಯಾರೋ ಅತ್ತರು, ಯಾರೋ ನಕ್ಕರು. “ಫಾಬಿಯೊ! ನೋಡೇ, ಫಾಬಿಯೊ!” ಅಂತ ನಾಲ್ಕು ದನಿಗಳು.

ಕತ್ತೆ ಎಷ್ಟೆಂದರೂ ಕತ್ತೆಯೇ. ಟೀವಿಗೆ ಮೊದಲು ಮುಟ್ಟಿಸಿ, ಟ್ಯಾಬ್ಲೆಟ್ಟಿಗೆ ಮೂರು ಉಸಿರು ತಡವಾಗಿ ತರುತ್ತಿದ್ದ. ಎರಡನ್ನೂ ಒಂದೇ ಹೆಜ್ಜೆಗೆ ತರಲಾಗದೆ ಎರಾಸ್ಮೊ ಹಿಂದಿನ ದಿನವಿಡೀ ತಲೆಕೂದಲು ಕಿತ್ತುಕೊಂಡಿದ್ದ. ಈಗ ಬೈಗುಳಕ್ಕೆ ತಯಾರಾಗಿ ಕಿವಿಗೊಟ್ಟ.

“ಸುಮ್ನಿರಿ ಎಲ್ಲಾರೂ!” ಎಂದಳು ತೊಮಾಸಾ. “ಮೊದ್ಲು ಅವರ ಬೂಟಿನ ಸದ್ದು ಕೇಳ್ತು. ಆಮೇಲೆ ಅವರು ಬಂದ್ರು. ಹಾಗೇನೇ. ಬೀದಿ ತಿರುವಿಂದ ಬೂಟಿನ ಸದ್ದು ಕೇಳ್ತಿತ್ತು. ನಾನು ಬಾಣಲೆ ಇಳಿಸೋ ಹೊತ್ತಿಗೆ ಅವರು ಬಾಗ್ಲಲ್ಲಿರ್ತಿದ್ರು.” ಟ್ಯಾಬ್ಲೆಟ್ಟಿನ ಗಾಜನ್ನು ಒರೆಸಿ ಮತ್ತೆ ಹೇಳಿದಳು: “ಇನ್ನೊಂದ್ಸಲ ಹಾಕಿ.”

ಆ ಕುಣಿತವನ್ನು ಮೂರು ಸಲ ಹಾಕಿದರು. ಗೂಡಿನಲ್ಲಿ ಎರಾಸ್ಮೊನ ಕೈ ಮರಗಟ್ಟಿತು. ಅವನಿಗೆ ಕಂಡಿದ್ದು ಎರಡು ಹಸಿರು ಬೆಳಕು ಮಾತ್ರ.

ನಾಲ್ಕಕ್ಕೆ ಸರಿಯಾಗಿ ಎವಾರಿಸ್ತೊ ಬಂದ. ಬಾಗಿಲಲ್ಲೇ ಅವನ ಕೈಗೆ ಮೇಕೆಮಾಂಸದ ತಟ್ಟೆ ಕೊಟ್ಟರು. ಅದನ್ನು ಹಿಡಿದುಕೊಂಡೇ ಮೆಲಿದಾಳ ಹಿಂದೆ ಗೂಡಿನ ಹತ್ತಿರ ನಡೆದ. ಅವರಿಗಿಂತ ಮುಂಚೆ ತೊಮಾಸಾ ಅಲ್ಲಿದ್ದಳು, ಕೈಯಲ್ಲಿ ಇನ್ನೊಂದು ತಟ್ಟೆ.

“ಒಳಗೆ ಯಾರಪ್ಪಾ?” ಎಂದಳು ಅವಳು.

ಇಂಥ ಪ್ರಶ್ನೆಗೆ ಮರ್ಯಾದಸ್ಥರು ‘ನಾನು’ ಅನ್ನುವುದಿಲ್ಲ. ಎರಾಸ್ಮೊ ತಾಯಿ ಕಲಿಸಿದಂತೆ ಹೇಳಿದ: “ತಮ್ಮ ಸೇವಕ, ದೋನ್ಯಾ.”

ತೊಮಾಸಾ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಳು. ಹಸಿರು ಬೆಳಕು ನೋಡಿದಳು, ತಂತಿ ನೋಡಿದಳು, ಬೆವರಿಳಿಯುವ ಮುಖ ನೋಡಿದಳು.

“ಇವನೇನಾ! ಬೇರೆ ಯಾರೂ ಇಲ್ವಾ?”

“ಇಲ್ಲ ದೋನ್ಯಾ. ನಾನು, ಈ ಪೆಟ್ಟಿಗೆ.”

“ನಾಲ್ಕು ದಿನ ನನ್ನ ಬಾಳೆಕಾಯಿ ತಿಂದಿದ್ದು?”

ಕೆಳಗಿನಿಂದ ಬೆಕ್ಕು ಹೊಟ್ಟೆ ಎಳೆದುಕೊಂಡು ಹೊರಗೆ ಬಂತು. ಎವಾರಿಸ್ತೊ ಮೆಲಿದಾಳ ಕಡೆ ನೋಡಿದ. ಮೆಲಿದಾ ಛಾವಣಿ ನೋಡಿದಳು.

“ಬಾಯಿ ತೆಗಿ,” ಎಂದು ತೊಮಾಸಾ ಅಳಿಯನ ಬಾಯಿಗೆ ಒಂದು ತುತ್ತು ತುರುಕಿದಳು. ಅವನ ಎರಡು ಕೈಯೂ ಕೆಲಸದಲ್ಲಿದ್ದವು. ತುತ್ತು ಇಳಿಯುತ್ತಿದ್ದಂತೆ ಅವನಿಗೆ ತಡೆಯಲಾಗಲಿಲ್ಲ.

“ದೋನ್ಯಾ, ಆ ಕ್ಯಾಸೆಟ್ಟು...”

“ಗೊತ್ತು. ಮೆಲಿದಾ ಬೀದಿ ಕಸದ ಡಬ್ಬಿಯಿಂದ ಎತ್ಕೊಂಡ್ಹೋಗಿ ತೊಗರಿ ಗಿಡಕ್ಕೆಲ್ಲಾ ಸುತ್ತಿದಾಳೆ. ಹಕ್ಕಿ ಬರಲ್ಲ ಅಂತ ಸೋಮವಾರವೇ ಥ್ಯಾಂಕ್ಸ್ ಹೇಳಿದ್ಲು. ಬದುಕಿದ್ದಾಗ ಒಂದು ಕೋಳಿನೂ ಓಡಿಸ್ದೋರಲ್ಲ ನನ್ನ ಯಜಮಾನ್ರು, ಈಗ ಇಡೀ ಹಿತ್ತಿಲು ಕಾಯ್ತಿದಾರೆ.” ಇನ್ನೊಂದು ತುತ್ತು ತುರುಕಿದಳು. “ನೀನು ಇನ್ನೂ ಎಷ್ಟು ಓಡಾಡ್ತೀಯ ನೋಡೋಣ ಅಂತ ಸುಮ್ನಿದ್ದೆ.”

ಎವಾರಿಸ್ತೊ ತಟ್ಟೆ ಪಕ್ಕಕ್ಕಿಟ್ಟು ಫೈಲು ಬಿಚ್ಚಿದ. ತುಂಬದ ಫಾರಮ್ಮಿನೊಂದಿಗೆ ಅವನು ಯಾವತ್ತೂ ಕಚೇರಿಗೆ ವಾಪಸು ಹೋದವನಲ್ಲ. “ಹಾಗಾದ್ರೆ ಮನೆಸೇವಕ ಇಲ್ಲ ಅಂತ ಬರೀಲಾ?”

“ಯಾಕೆ ಇಲ್ಲ? ಕಣ್ಣಿಲ್ವಾ ನಿಮಗೆ? ಬರ್ಕೊಳ್ಳಿ. ಮನೆಸೇವಕ, ಒಬ್ಬ.” ತೊಮಾಸಾ ಸೆಟೆದು ನಿಂತಳು. “ಹೆಸರು, ಎರಾಸ್ಮೊ ತೆಹಾದಾ.”

ಒಳಗೆ ರಟ್ಟು ಬೀಸುವ ಸದ್ದು ಒಮ್ಮೆ ನಿಂತು, ಮತ್ತೆ ಶುರುವಾಯಿತು.

“ಸಂಬಳ?”

“ಊಟ.”

“ವಿಶ್ರಾಂತಿ?”

“ಕರೆಂಟ್ ಹೋದಾಗ,” ಎಂದು ಹೇಳಿ ಅವಳು ಪಡಸಾಲೆಗೆ ಹೊರಟಳು. “ದನಿಲ್ದಾ, ಇನ್ನೊಂದ್ಸಲ ಹಾಕೇ! ಎರಾಸ್ಮೊ ಹಿಡ್ಕೊಂಡಿದಾನೆ.”

ದಿನಕ್ಕೆ ಮೂರು ಸಲ ಕರೆಂಟ್ ಹೋಗುವ ಊರು ಮೋಕಾ. ಗೂಡಿನಲ್ಲಿ ಬಗ್ಗಿ ನಿಂತ ಎರಾಸ್ಮೊ ಜನ್ಮದಲ್ಲಿ ಮೊದಲ ಸಲ, ಕರೆಂಟ್ ಹೋಗಲಪ್ಪಾ ಅಂತ ಸಂತ ಅಂತೋನಿಯನ್ನು ಬೇಡಿಕೊಂಡ. ಅವತ್ತು ಕತ್ತಲಾಗುವವರೆಗೂ ಹೋಗಲಿಲ್ಲ.